ಶೌಕತ ಚಾಚಾನ ಶೆವರ್ಲೆ

೯ ನವೆಂಬರ್ ೧೯೫೪

ನನ್ನ ಮಾರಿಸ್ ಕಾರು ಇವತ್ತೂ ಹನ್ನೊಂದು ಸಲ ಹ್ಯಾಂಡಲ್ ಹೊಡೆಸಿಕೊಂಡ ಮೇಲೆ ಎದ್ದಿತು. ಭಂಕೂರಿನಿಂದ ವಾಡಿ ಸ್ಟೇಷನ್ ಮುಟ್ಟುವಷ್ಟರಲ್ಲಿ ಎರಡು ಸಲ ನೀರು ಕುಡಿಯಿತು. ಮೇಲ್ ರೈಲಿನಿಂದ ಇಳಿದ ಸವಾರಿ ಆಗಲೇ ಬೇರೆ ಗಾಡಿಗಳಿಗೆ ಹಂಚಿಹೋಗಿತ್ತು. ಬೈದುಕೊಂಡು ಬೇವಿನ ಗಿಡದ ಕೆಳಗೆ ಕುಳಿತೆ.

ಬಾಡಿಗೆ ಗಾಡಿಗಳ ಅಡ್ಡಾದಲ್ಲಿ ನಾವು ನಾಲ್ವರೇ ಡ್ರೈವರುಗಳು. ಗುರುಲಿಂಗಪ್ಪ, ಇಸಾಕ, ಶೌಕತ ಅಲಿ ಚಾಚಾ, ನಾನು. ಸವಾರಿ ಇಲ್ಲದ ಹೊತ್ತಿನಲ್ಲಿ ಮಾತೆಲ್ಲ ಗಾಡಿಯದೇ. ಇರುವುದನ್ನು ಬೈಯುವುದು, ಇಲ್ಲದ್ದನ್ನು ಹೊಗಳುವುದು. ಗುರುಲಿಂಗಪ್ಪನಿಗೆ ಫೋರ್ಡ್ ಇದೆ, ಜೀಪು ಬೇಕು. ಇಸಾಕನಿಗೆ ಬೇಬಿ ಆಸ್ಟಿನ್ ಇದೆ, ಅದು ಬಿಟ್ಟು ಬೇರೆ ಯಾವುದಾದರೂ ಬೇಕು. "ಹೆಂಡ್ತಿ ಮಕ್ಕಳನ್ನ ಕುಂದ್ರಿಸಿದ್ರ ನನಗೇ ಜಾಗ ಇರಂಗಿಲ್ಲ. ಹೊರಗ ನಿಂತು ಹೊಡೀಬೇಕೇನು?" ಅಂದ. ನಿನಗೇನು ಬೇಕೋ ಅಂತ ನನ್ನ ಕೇಳಿದರು. ಏನೂ ಬೇಡ ಅಂದೆ. ಸುಳ್ಳು.

ಚಾಚಾ ಜೇಬಿನಿಂದ ಪೇಪರಿನ ಒಂದು ತುಂಡು ತೆಗೆದರು. ಹೊಸ ಲ್ಯಾಂಡ್‌ಮಾಸ್ಟರ್ ಕಾರಿನ ಚಿತ್ರ. ನಾಲ್ಕು ಮಡಿಕೆ ಮಾಡಿ ಮಾಡಿ ನಡುವೆ ತೂತು ಬಿದ್ದಿದೆ. "ಮೂವತ್ತು ವರ್ಷ ಮಂದಿ ಹೊಡದು ಬಿಟ್ಟ ಗಾಡೀನೇ ಹೊಡದೀನಿ. ಸಾಯೋದರಾಗ ಒಂದು ಹೊಸ ಗಾಡಿ ವಾಸನಿ ನೋಡಬೇಕು ಬೇಟಾ." ಅದಕ್ಕಾಗಿ ಶೆವರ್ಲೆ ಮಾರುತ್ತಾರಂತೆ.

ಅವರ ಶೆವರ್ಲೆ. ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ.

೧೧ ನವೆಂಬರ್

ಇದನ್ನು ಯಾರೂ ಓದುವುದಿಲ್ಲ. ಹೆಂಡತಿ ಶರಣಬಸಮ್ಮನಿಗೆ ಅಕ್ಷರ ಬರುವುದಿಲ್ಲ. ಆದ್ದರಿಂದ ಖರೆ ಬರೆಯಬಹುದು.

ಆ ಗಾಡಿಯ ಮೇಲೆ ನನಗೆ ಆಸೆ ಬಿದ್ದು ಆರು ವರ್ಷ. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಚಾಚಾ ಸಂಸಾರ ಕರೆದುಕೊಂಡು ಹೈದರಾಬಾದಿಗೆ ಹೋದಾಗ ಶೆವರ್ಲೆ ನನಗೆ ಒಪ್ಪಿಸಿದ್ದರು. ಭಂಕೂರಿನ ನಮ್ಮ ಹೊಲದಲ್ಲಿ ಜೋಳದ ಕಣಿಕೆಯ ಬಣವೆ ಒಟ್ಟಿ ಅದರೊಳಗೆ ಮುಚ್ಚಿಟ್ಟೆ. ನಲವತ್ತು ದಿನ. ದಿನಾ ಸಂಜೆ ನಾಲ್ಕು ಸೂಡು ಕಣಿಕೆ ಸರಿಸಿ ಒಳಗೆ ಹೋಗಿ ಸ್ಟೀರಿಂಗ್ ಹಿಡಿದು ಕೂಡುತ್ತಿದ್ದೆ. ಸ್ಟಾರ್ಟ್ ಮಾಡುವ ಹಾಗಿರಲಿಲ್ಲ. ಸುಮ್ಮನೆ ಕೂಡುವುದು. ಆ ಸೀಟಿನ ಸುಖ ಮಾರಿಸ್‌ನಲ್ಲಿ ಎಂದೂ ಸಿಕ್ಕಿಲ್ಲ.

ಅವರು ತಿರುಗಿ ಬಂದಾಗ ತೊಳೆದು ಒರೆಸಿ ಅವರ ಮನೆ ಮುಂದೆ ನಿಲ್ಲಿಸಿದೆ. ಒಂದು ಗೀರೂ ಇರಲಿಲ್ಲ. ಇಡೀ ಓಣಿಯ ಮುಂದೆ ನನ್ನ ಕೈ ಹಿಡಿದು ಅತ್ತರು. ಅಂದಿನಿಂದ ಅಡ್ಡಾದಲ್ಲಿ ಈ ನಾಗೇಂದ್ರಪ್ಪನ ಮಾತೆಂದರೆ ಕಲ್ಲಿನ ಮೇಲಿನ ಗೆರೆ. ಆಗ ಇಟ್ಟುಕೊಂಡಿದ್ದರೂ ಕೇಳುವವರು ಯಾರಿದ್ದರು? ಆದರೆ ಹಾಗೆ ಮಾಡುವ ಯೋಚನೆಯೇ ಬಂದಿರಲಿಲ್ಲ.

೧೮ ನವೆಂಬರ್

ನಾನು ಒಬ್ಬನೇ ಇದ್ದಾಗ ಚಾಚಾ ಕೇಳಿದರು. "ಶೆವರ್ಲೆ ನಿನಗ ಬೇಕೇನು? ಬೇಕಾದ್ರ ಹೇಳು, ಹೊರಗಿನವರಿಗೆ ಯಾಕ ಕೊಡಲಿ. ನಿನ್ನ ಮಾರಿಸ್ ಮಾರಿ ಬಂದಷ್ಟು ಕೊಡು."

ಹೂಂ ಅನ್ನಬೇಕಾಗಿತ್ತು. ಇಷ್ಟೇ ಮಾತು. ಆದರೆ ಅದೇನು ಸೊಕ್ಕೋ — ಇವರ ಹಂಗಿನಲ್ಲಿ ಬೀಳಬಾರದು, ನಲವತ್ತೆಂಟರ ಉಪಕಾರಕ್ಕೆ ಕೂಲಿ ಇಸಿದುಕೊಂಡ ಹಾಗಾಗಬಾರದು... "ನಮ್ಮಂಥವರಿಗ್ಯಾಕ್ರಿ ಚಾಚಾ ಅಷ್ಟು ದೊಡ್ಡ ಗಾಡಿ" ಅಂದುಬಿಟ್ಟೆ. ಅವರು ನಂಬಿದರು. ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ.

ಮನೆಯಲ್ಲಿ ಹೇಳಿದರೆ ಶರಣಬಸಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಹಸದವ ಉಂಡೀನಿ ಅಂದ್ರ ಯಾರು ನೀಡ್ತಾರ್ರಿ? ನಾಳಿಗಿ ಹೋಗಿ ಬೇಕು ಅನ್ರಿ." ಹೋಗಲಿಲ್ಲ. ಒಂದು ಸಲ ಬೇಡ ಅಂದದ್ದನ್ನು ಮತ್ತೆ ಹೇಗೆ ಬೇಡುವುದು?

೨೮ ನವೆಂಬರ್

ಬರೆಯಲೇಬೇಕು.

ಶೆವರ್ಲೆ ಕೊಳ್ಳಲು ಚಿಮ್ಮನಚೋಡದ ದೇವೀಂದ್ರಪ್ಪ ಸಾವುಕಾರ ಬಂದಿದ್ದ. ನಮ್ಮ ಅಡ್ಡಾದ ಗಾಡಿ ಮಾರಾಟವಾದರೆ ಒಂದು ರಿವಾಜು ಇದೆ. ಕಿವಿ ಕೊಡುವುದು ಅನ್ನುತ್ತೇವೆ. ಬಾನೆಟ್ ಎತ್ತಿ ಎಂಜಿನ್ ಚಾಲೂ ಇಡುವುದು. ಉಳಿದ ಡ್ರೈವರುಗಳು ಸುತ್ತ ನಿಂತು ಕಣ್ಣು ಮುಚ್ಚಿ ಕೇಳುವುದು. ಏನು ಐಬು ಇದೆಯೋ ಕೊಳ್ಳುವವನ ಎದುರಿಗೇ ಹೇಳುವುದು. ಮಾಲೀಕ ವಾದ ಮಾಡುವಂತಿಲ್ಲ. ಇದಕ್ಕಾಗಿಯೇ ಸೇಡಂ, ಚಿಂಚೋಳಿ ಕಡೆಯವರೂ ಗಾಡಿ ಬೇಕಾದರೆ ವಾಡಿಗೇ ಬರುತ್ತಾರೆ. ಇಲ್ಲಿ ಯಾರೂ ಮೋಸ ಹೋಗಿಲ್ಲ. ಇವತ್ತಿನ ತನಕ.

ಎಂಜಿನ್ ಹಾಲು ಕಾಯಿಸಿದ ಹಾಗೆ ಸಣ್ಣಗೆ ಹಾಡುತ್ತಿತ್ತು. ಒಂದು ಐಬೂ ಇರಲಿಲ್ಲ. ದೇವೀಂದ್ರಪ್ಪ ನನ್ನ ಕಡೆ ತಿರುಗಿದ. "ನೀವು ಹೇಳ್ರಿ ನಾಗೇಂದ್ರಪ್ಪ. ಚಿಂಚೋಳಿ ತನಕ ನಿಮ್ಮ ಮಾತು ನಡೀತದ."

ನನ್ನ ಬಾಯಿಂದ ಬಂತು — "ಹೆಡ್ ಸೀಳ್ಯಾದ. ಕಾದ ಮ್ಯಾಲ ಸಣ್ಣಗ ಚುಸ್ ಅಂತದ. ಕೇಳ್ರಿ."

ಹೆಡ್ ಅಂದರೆ ಎಂಜಿನ್ನಿನ ನೆತ್ತಿಯ ಮೇಲಿನ ಬೀಡುಕಬ್ಬಿಣದ ಮುಚ್ಚಳ. ಅದು ಸೀಳಿದರೆ ಗಾಡಿ ಅರ್ಧ ಸತ್ತ ಹಾಗೆ. ಯಾರಾದರೂ ಇಲ್ಲ ಅಂದಾರು, ನಾನು ನಕ್ಕು ತಪ್ಪಿ ಕೇಳಿತು ಅಂದೇನು ಅಂದುಕೊಂಡಿದ್ದೆ. ಗುರುಲಿಂಗಪ್ಪ ಕಣ್ಣು ಮುಚ್ಚಿದ. ತಲೆ ಅಲ್ಲಾಡಿಸಿದ. "ಹೌದ್ ನೋಡು. ಚುಸ್ ಅನ್ನಲಿಕತ್ತದ." ಇಸಾಕ ಸ್ವಲ್ಪ ತಡೆದು, "ಅದ... ಸಣ್ಣಗ ಅದ" ಅಂದ. ಕೊನೆಗೆ ದೇವೀಂದ್ರಪ್ಪನಿಗೂ ಕೇಳಿಸಿತು! ಆತ ಹುಟ್ಟಿದಾಗಿನಿಂದ ಎತ್ತಿನ ಗಾಡಿ ಬಿಟ್ಟು ಬೇರೆ ಹೊಡೆದವನಲ್ಲ.

ಕೇಳಿಸದೇ ಹೋದದ್ದು ಚಾಚಾನಿಗೆ ಒಬ್ಬರಿಗೆ. ಟೋಪಿ ತೆಗೆದು ಕಿವಿಯನ್ನು ಎಂಜಿನ್ನಿನ ಹತ್ತಿರ ಹಿಡಿದರು. ಇನ್ನೂ ಹತ್ತಿರ ಹಿಡಿದರು. ಕಿವಿ ಕೆಂಪಗಾಯಿತು. "ನನಗ ಕೇಳವಲ್ದಲ್ಲ ಬೇಟಾ" ಅಂದರು. ರಿವಾಜಿನ ಪ್ರಕಾರ ವಾದ ಮಾಡಲಿಲ್ಲ. ಎಂಜಿನ್ ಬಂದ್ ಮಾಡಿ ಸಾವುಕಾರನಿಗೆ ತಾವೇ ಹೇಳಿದರು. "ಒಯ್ಯಬ್ಯಾಡ್ರಿ. ನಾಗೇಂದ್ರಗ ಕೇಳ್ಯಾದಂದ್ರ ಅದ. ನನ್ನ ಕಿವಿ ಹೋಗ್ಯಾವ ಕಾಣಸ್ತದ."

ದೇವೀಂದ್ರಪ್ಪ ಒಯ್ಯದಿದ್ದರೆ ಸಾಕು ಅಂತ ಇಷ್ಟೇ ಇತ್ತು ಮನಸ್ಸಿನಲ್ಲಿ. ಎರಡು ತಿಂಗಳು ತಡೆದರೆ, ಚಾಚಾ ಇನ್ನೊಮ್ಮೆ ಕೇಳಿದರೆ, ಆಗ ಹೂಂ ಅನ್ನಬಹುದು ಅಂತ. ಅವರ ಕಿವಿಯ ವಿಚಾರ ನನ್ನ ತಲೆಯಲ್ಲೇ ಇರಲಿಲ್ಲ.

೨೯ ನವೆಂಬರ್

ಗಾಡಿ ತೆಗೆಯಲಿಲ್ಲ. ಜ್ವರ ಅಂದೆ. ಜ್ವರ ಇಲ್ಲ.

೬ ಡಿಸೆಂಬರ್

ಚಾಚಾ ಬೋಲ್ಟು ಬಿಚ್ಚುವ ಪಾನಾ ಹಿಡಿದು ಮನೆಗೇ ಬಂದಿದ್ದರು. "ಹೆಡ್ ಬಿಚ್ಚಿ ನೋಡೋಣ ಬಾ. ಸೀಳು ಎಲ್ಲಿ ಅದ ಕಣ್ಣಿಲಾದ್ರೂ ನೋಡ್ತೀನಿ." ಬಿಚ್ಚಿದರೆ ನನ್ನ ಬಣ್ಣ ಬಯಲು. "ಬ್ಯಾಡ್ರಿ ಚಾಚಾ, ಹಳೇ ಬೋಲ್ಟು. ಬಿಚ್ಚಿದ್ರ ಮುರೀತಾವ. ಹಿಂಗೇ ಇದ್ರ ನಡೀತದ" ಅಂದೆ. ಪಾನಾ ಮೇಲೆ ಕೆಳಗೆ ಮಾಡುತ್ತ ನಿಂತರು. ಆಮೇಲೆ, "ನಿನಗ ಗೊತ್ತು" ಅಂದು ಹೋದರು.

ಮೊದಲನೆಯದು ಬಾಯಿ ತಪ್ಪಿ ಬಂದದ್ದು ಅಂತ ಎಂಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಇವತ್ತಿನದಕ್ಕೆ ಏನು ಹೇಳಲಿ? ಇದು ಅಳೆದು ಸುರಿದು ಹೇಳಿದ ಸುಳ್ಳು. ಬೆಳಿಗ್ಗೆ ಪೂಜೆಗೆ ಕುಳಿತರೆ ಅಂಗೈಯಲ್ಲಿನ ಲಿಂಗ ನೋಡಲು ಆಗುವುದಿಲ್ಲ.

೧೯ ಡಿಸೆಂಬರ್

ಚಾಚಾ ಜೇಬಿನ ಗಡಿಯಾರವನ್ನು ಕಿವಿಗೆ ಹಿಡಿದು ಕೂಡುತ್ತಾರೆ. ಆ ಕಿವಿ, ಈ ಕಿವಿ. "ಕೇಳಸ್ತದ... ಇಲ್ಲ, ಕೇಳಿಸಿದಂಗ ಅನಸ್ತದ" ಅನ್ನುತ್ತಾರೆ. ಇಸಾಕನಿಗೆ ಬೆನ್ನ ಹಿಂದೆ ನಿಂತು ಮೆಲ್ಲಗೆ ಮಾತಾಡು ಅಂದರು. ಆತ, "ಚಾಚಾ, ಚಾ ಕುಡಿಸ್ರಿ" ಅಂದ. ಕೇಳಿಸಿತು, ಕುಡಿಸಿದರು, ಎಲ್ಲರೂ ನಕ್ಕರು. ಆದರೂ ಅವರಿಗೆ ನಂಬಿಕೆ ಬರಲಿಲ್ಲ. "ನಿನ್ನ ದನಿ ಬ್ಯಾರೆ. ಎಂಜಿನ್ ದನಿ ಬ್ಯಾರೆ."

ನಿನ್ನೆ ರೈಲ್ವೆ ಗೇಟಿನ ಹತ್ತಿರ ನೋಡಿದೆ. ಗೇಟು ತೆರೆದೇ ಇತ್ತು. ಚಾಚಾ ಗಾಡಿ ನಿಲ್ಲಿಸಿ ಇಳಿದು ಹಳಿಯ ತನಕ ನಡೆದು ಎರಡೂ ಕಡೆ ನೋಡಿದರು. ತಿರುಗಿ ಬಂದು ಸವಾರಿಯವರನ್ನು ಕೇಳಿದರು — "ರೈಲಿನ ಸಪ್ಪಳ ಕೇಳಸಾಕತ್ತದೇನ್ರಿ?" ಸವಾರಿಯವರು ಮೊದಲು ನಕ್ಕರು. ಆಮೇಲೆ ಮುಖ ಮುಖ ನೋಡಿಕೊಂಡರು. ಅಲ್ಲೇ ಇಳಿದು ನನ್ನ ಮಾರಿಸ್‌ಗೆ ಬಂದು ಕುಳಿತರು. ಒಯ್ದೆ. ಬಾಡಿಗೆ ಇಸಿದುಕೊಂಡೆ ಕೂಡ.

೧೪ ಜನವರಿ ೧೯೫೫

ಸಂಕ್ರಮಣ. ಶರಣಬಸಮ್ಮ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಟ್ಟಳು, ಚಾಚಾನ ಮನೆಗೆ. ಶಹಾಬಾದಿಗೆ ಹೋದೆ. ಅಂಗಳದಲ್ಲಿ ಶೆವರ್ಲೆ ತೊಳೆದು ನಿಲ್ಲಿಸಿದ್ದರು. ಬೀಗದ ಕೈ ನನ್ನ ಅಂಗೈಯಲ್ಲಿ ಇಟ್ಟರು.

"ನಾ ಇನ್ನ ಹೊಡಿಯಂಗಿಲ್ಲ ಬೇಟಾ. ಕಿವಿ ಇಲ್ಲದವ ಸ್ಟೀರಿಂಗ್ ಹಿಡಿಯೋದು ಗುನಾಹ್. ಇದನ್ನ ಐಬು ಗೊತ್ತಿಲ್ಲದವರಿಗೆ ಮಾರಿದ್ರ ಅದೂ ಗುನಾಹ್. ನಿನಗ ಗೊತ್ತದ. ನೀನೇ ಒಯ್ಯಿ."

ಅಡುಗೆ ಮನೆ ಬಾಗಿಲಲ್ಲಿ ಅಖ್ತರ ಬೇಗಂ ಚಾಚಿ ನಿಂತಿದ್ದರು. ಲ್ಯಾಂಡ್‌ಮಾಸ್ಟರ್ ಏನಾಯಿತು ಅಂತ ಕೇಳಿದೆ. ಯಾಕೆ ಕೇಳಿದೆನೋ. ಚಾಚಾ ನಕ್ಕರು. "ಹೊಸ ಗಾಡಿ ತಗೊಂಡು ಕಿವುಡ ಏನ್ ಮಾಡ್ಬೇಕು?"

ಆಗ ಹೇಳಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬೀಗದ ಕೈ ಮುಷ್ಟಿಯಲ್ಲಿತ್ತು. ಮುಷ್ಟಿ ಬಿಚ್ಚಲಿಲ್ಲ. ಆರು ವರ್ಷದಿಂದ ಬಯಸಿದ್ದನ್ನು ತೆಗೆದುಕೊಂಡೆ. ಮಾರಿಸ್ ಮಾರಿ ಬಂದಷ್ಟು ಕೊಡುತ್ತೇನೆ ಅಂದೆ, ಎಷ್ಟು ಅಂತ ಕೇಳದೇ ಹೂಂ ಅಂದರು. ಚಾಚಿ ಹಿಂದಿನ ಸೀಟಿನ ಮೇಲಿನ ಧೂಳು ಸೆರಗಿನಿಂದ ಒರೆಸಿದರು.

೧೬ ಜನವರಿ

ಚಿತ್ತಾಪುರಕ್ಕೆ ಹೋಗಿ ಬಂದೆ. ಏರು ಬಂದರೂ ಗೊತ್ತಾಗುವುದಿಲ್ಲ. ಏನು ಎಂಜಿನ್! ಇಂಥ ಗಾಡಿ ಹೊಡೆಯುವುದು ಸುಖ ಅಂತ ಬರೆಯಬೇಕೆಂದಿದ್ದೆ. ಸುಖ ಆಗಲಿಲ್ಲ. ದಾರಿಯುದ್ದಕ್ಕೂ ಆ ಚುಸ್ ಅನ್ನುವ ಸಪ್ಪಳ ಹುಡುಕುತ್ತ ಹೋದೆ. ಇದ್ದರೆ ಚಲೋ ಇತ್ತು. ಖರೇನೇ ಸೀಳಿದ್ದರೆ ಎಷ್ಟು ಚಲೋ ಇತ್ತು.

ಅಡ್ಡಾದಲ್ಲಿ ಗುರುಲಿಂಗಪ್ಪ ಎಲ್ಲರಿಗೂ ತೋರಿಸಿ ಹೇಳಿದ. "ಹೆಡ್ ಸೀಳಿದ ಗಾಡಿ ಇಷ್ಟು ನಾಜೂಕಾಗಿ ಯಾರು ಹೊಡೀತಾರ? ಕೈ ಅಂದ್ರ ನಾಗೇಂದ್ರಪ್ಪಂದು." ತಲೆ ಬಗ್ಗಿಸಿ ಟೈರು ಒದ್ದು ನೋಡಿದೆ. ಗಾಳಿ ಸರಿಯಾಗಿಯೇ ಇತ್ತು.

೩ ಮಾರ್ಚ್

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಒಂದೇ ಇತ್ತು, ಅದನ್ನು ಬರೆಯುವ ಮನಸ್ಸಿರಲಿಲ್ಲ.

ಶರಣಬಸಮ್ಮನನ್ನು ಸೇಡಮ್ಮಿನ ತವರಿನಿಂದ ಕರೆದುಕೊಂಡು ಬರುತ್ತಿದ್ದೆ. ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ದೇಸಾಯರ ಮನೆಯವಳ ಹಾಗೆ ಕುಳಿತಿದ್ದಳು. ಅರ್ಧ ದಾರಿಗೆ ಕೇಳಿದಳು. "ಎಲ್ಲದ ರೀ ಅದು, ಚುಸ್ ಅನ್ನೋದು? ಆವಾಗಿಂದ ಕಿವಿಗೊಟ್ಟು ಕುಂತೀನಿ. ನನಗ ಕೇಳವಲ್ದು."

ಗಾಡಿ ಪಕ್ಕಕ್ಕೆ ಹಾಕಿದೆ. ಹೇಳಿದೆ. ಎಲ್ಲ ಹೇಳಿದೆ. ಜಗಳಕ್ಕೆ ಬಂದಾಳು ಅಂದುಕೊಂಡೆ. ಚಿತ್ತಾಪುರ ಬಂದ ಮೇಲೆ, "ಸ್ಟೇಷನ್ ಕಡಿ ತಿರುಗಸ್ರಿ" ಅಂದಳು. ತಿರುಗಿಸಿದೆ. ಗಂಟು ಹಿಡಿದು ಇಳಿದಳು.

"ಆ ಮುದುಕ ಗಡಿಯಾರ ಕಿವಿಗಿ ಹಿಡಕೊಂಡು ಕುಂದರ್ತಾನ, ನೀವು ಆತನ ಗಾಡ್ಯಾಗ ನನ್ನ ಮೆರಸ್ತೀರಿ. ನಾ ರೈಲಿಗಿ ಬರ್ತೀನಿ. ಆತಗ ಹೇಳೋ ತನಕ ಈ ಗಾಡಿ ಹತ್ತಂಗಿಲ್ಲ."

ಅವಳು ರೈಲಿಗೆ ಬಂದಳು. ನಾನು ಖಾಲಿ ಗಾಡಿ ತಂದೆ.

೨೭ ಮಾರ್ಚ್

ಚಾಚಾ ಊರು ಬಿಟ್ಟರು. ಮಗಳು ನೂರಜಹಾನ್ ಹೈದರಾಬಾದಿನಲ್ಲಿದ್ದಾಳೆ, ಇನ್ನು ಅಲ್ಲಿಯೇ ಇರುವುದಂತೆ. ಸ್ಟೇಷನ್ನಿಗೆ ಬಿಡಲು ನನ್ನನ್ನೇ ಕರೆದರು. ಹಿಂದೆ ಚಾಚಿ, ಟ್ರಂಕು, ಹಾಸಿಗೆ ಸುರುಳಿ. ಮುಂದೆ ನನ್ನ ಪಕ್ಕದಲ್ಲಿ ಚಾಚಾ. ನಾನು ಗೇರ್ ಬದಲಿಸಿದಾಗೆಲ್ಲ ಅವರ ಕಾಲು ಇಲ್ಲದ ಕ್ಲಚ್ ಒತ್ತುತ್ತಿತ್ತು.

ವಾಡಿ ಎರಡು ಮೈಲು ಇರುವಾಗ ನಿಲ್ಲಿಸು ಅಂದರು. "ಎಂಜಿನ್ ಕಾದದ. ಹೋಗೋದಕ್ಕಿಂತ ಮುಂಚೆ ಒಂದ್ಸಲ ಕೇಳಸು. ಯಾವ ಬಾಜೂ ಬರ್ತದ ತೋರಸು. ಕಿವಿಗಿ ಬರಲಿಲ್ಲಂದ್ರ ಬೆರಳಿಗಾದ್ರೂ ಹತ್ತೀತು."

ಬಾನೆಟ್ ಎತ್ತಿದೆ. ನನ್ನ ಕೈ ಹಿಡಿದು ನಿಂತರು, ಕುರುಡರು ದಾರಿ ತೋರಿಸುವವನ ಕೈ ಹಿಡಿದ ಹಾಗೆ. ಆಗ ಬಾಯಿ ಬಿಟ್ಟಿತು.

"ಚಾಚಾ, ಸೀಳು ಇಲ್ಲ."

"ಬೆಸಗಿ ಹಾಕ್ಸಿದೇನು?"

"ಮೊದಲಿಂದಲೂ ಇರಲಿಲ್ಲ. ನಾ ಸುಳ್ಳು ಹೇಳಿದೆ. ಗಾಡಿ ನನಗ ಬೇಕಾಗಿತ್ತು. ನಿಮ್ಮ ಕಿವಿ ಚಲೋ ಅವ. ಅವತ್ತು ಖರೆ ಕೇಳಿದವರು ನೀವೊಬ್ಬರೇ."

ಹೊಡೆಯಲಿ, ಉಗುಳಲಿ ಅಂತ ನಿಂತೆ. ನಕ್ಕರು. ನನ್ನ ಗಲ್ಲ ಸವರಿದರು.

"ಹುಚ್ಚ. ಈ ಮುದುಕನ ಮನಸ್ಸು ಉಳಸಾಕ ನಿನ್ನ ಮಾತು ಹಾಳು ಮಾಡ್ಕೋತೀ? ನಲವತ್ತು ದಿನ ಇಟ್ಟುಕೊಂಡು ತಿರುಗಿ ಕೊಟ್ಟವ ನೀ. ನೀ ಸುಳ್ಳು ಹೇಳ್ತೀ ಅಂದ್ರ ಅಲ್ಲಾನೂ ನಂಬಂಗಿಲ್ಲ." ಹಿಂದೆ ತಿರುಗಿ ಚಾಚಿಗೆ ಹೇಳಿದರು — "ಕೇಳಿದೇನು? ಹೊಟ್ಟ್ಯಾಗ ಹುಟ್ಟಿದವರೂ ಹಿಂಗ ಮಾಡಂಗಿಲ್ಲ."

ದೇವರ ಮೇಲೆ ಆಣೆ ಮಾಡಿದೆ. ಆಣೆ ಮಾಡಬೇಡ, ಪಾಪ ಹತ್ತುತ್ತದೆ ಅಂದರು. ಹೆಡ್ ಬಿಚ್ಚಿ ತೋರಿಸುತ್ತೇನೆ ಅಂದೆ. ರೈಲಿಗೆ ಹೊತ್ತಾಯಿತು ಅಂದರು.

ಅಖ್ತರ ಬೇಗಂ ಚಾಚಿ ನಗಲಿಲ್ಲ. ಬುರ್ಖಾ ಎತ್ತಿ ನನ್ನನ್ನೇ ನೋಡುತ್ತಿದ್ದರು. ಸ್ಟೇಷನ್ನಿನಲ್ಲಿ ಟ್ರಂಕು ಎತ್ತಲು ಹೋದರೆ ಕೈ ಅಡ್ಡ ಮಾಡಿದರು. ಹಮಾಲನನ್ನು ಕರೆದರು.

೨೯ ಮಾರ್ಚ್

ಅಡ್ಡಾದಲ್ಲಿ, ಬೇವಿನ ಗಿಡದ ಕೆಳಗೆ, ಎಲ್ಲರೂ ಇದ್ದಾಗ ಹೆಡ್ ಬಿಚ್ಚಿದೆ. ಒಂದು ಬೋಲ್ಟೂ ಮುರಿಯಲಿಲ್ಲ. ಸೀಮೆಎಣ್ಣೆ ಹಚ್ಚಿ, ಒರೆಸಿ, ಸುಣ್ಣದ ಪುಡಿ ಸವರಿದೆ. ಕೂದಲೆಳೆಯಷ್ಟು ಸೀಳಿದ್ದರೂ ಎಣ್ಣೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಕಾದೆವು. ಸುಣ್ಣ ಬೆಳ್ಳಗೇ ಉಳಿಯಿತು. ಆಗ ಹೇಳಿದೆ. ದೇವೀಂದ್ರಪ್ಪನಿಂದ ಹಿಡಿದು ಎಲ್ಲ.

ಗುರುಲಿಂಗಪ್ಪ ಸಿಟ್ಟಿಗೆದ್ದ. ನಾನು ಸುಳ್ಳು ಹೇಳಿದ್ದಕ್ಕಲ್ಲ. "ನಾ ನನ್ನ ಕಿವೀಲೆ ಕೇಳೀನಿ! ಚುಸ್ ಅಂದಿತ್ತು! ನಾ ಏನ್ ಸುಳ್ಳನೇನು?" ಇಸಾಕ ಸುಣ್ಣದ ಮೇಲೆ ಬೆರಳಾಡಿಸಿ ನೋಡಿದ. "ನನಗೂ ಕೇಳಿರಲಿಲ್ಲ" ಅಂದ. "ನೀ ಹೇಳಿದ ಮ್ಯಾಲ ಇಲ್ಲ ಹ್ಯಾಂಗನ್ನಲಿ?"

ಇನ್ನು ಮುಂದೆ ಕಿವಿ ಕೊಡಲು ನನ್ನನ್ನು ಕರೆಯುವುದಿಲ್ಲ. ಗುರುಲಿಂಗಪ್ಪ ಬಾಯಿಬಿಟ್ಟೇ ಹೇಳಿದ. ಸರಿಯಾದದ್ದು.

೩೦ ಮಾರ್ಚ್, ಹೈದರಾಬಾದ್, ಮಧ್ಯಾಹ್ನ

ಹೆಡ್ಡನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಪ್ಯಾಸೆಂಜರ್ ರೈಲಿಗೆ ಬಂದೆ. ಹೊತ್ತು ಹೊತ್ತು ಹೆಗಲು ಬಾತಿದೆ. ಮೂರು ಕಡೆ ಕೇಳಿದ ಮೇಲೆ ನೂರಜಹಾನಳ ಓಣಿ ಸಿಕ್ಕಿತು. ಅವರ ಬೆರಳು ಸಾಕು, ಮೂವತ್ತು ವರ್ಷ ಕಬ್ಬಿಣ ಸವರಿದ ಬೆರಳು. ಒಂದು ಸಲ ಸವರಿದರೆ ಕಿವಿ ತಿರುಗಿ ಬರುತ್ತವೆ. ಆದರೆ ಅವರ ಮನಸ್ಸಿನಿಂದ ನಾನು ಹೋಗುತ್ತೇನೆ. ಬಣವೆಯಲ್ಲಿ ಗಾಡಿ ಕಾದವನೂ ಹೋಗುತ್ತಾನೆ, ಅವನೂ ಸುಳ್ಳೇ ಅಂತ ಆಗುತ್ತದೆ. ಆಗಲಿ.

ಬಾಗಿಲು ತೆರೆದದ್ದು ಚಾಚಿ. ಚೀಲ ನೋಡಿದರು, ಏನು ಅಂತ ಕೇಳಲಿಲ್ಲ. "ನಮಾಜಿಗಿ ಕುಂತಾರ. ಇಲ್ಲೇ ಕುಂದ್ರು" ಅಂದರು. ನೀರು ಕೊಟ್ಟರು. ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ನಮಾಜು ಮುಗಿದ ಹಾಗಿದೆ. ಚಾಪೆ ಮಡಚುತ್ತಿದ್ದಾರೆ. ಯಾರು ಬಂದಾರ ಅಂತ ಕೇಳುತ್ತಿದ್ದಾರೆ. ಚಾಚಿ ನನ್ನ ಹೆಸರು ಹೇಳಿದರು. ಓ, ನಾಗೇಂದ್ರ, ನನ್ನ ಬೇಟಾ ಅನ್ನುತ್ತ ಬಾಗಿಲಿಗೆ ಬರುತ್ತಿದ್ದಾರೆ. ಚೀಲದ ಬಾಯಿ ಬಿಚ್ಚುತ್ತೇನೆ.